ಮೋಡದ ಬೆಳಕಿನಲ್ಲಿ ಬುಕ್ಕಾಂಬುಧಿ

ಹೆಸರಿನಲ್ಲಿ ಸಮುದ್ರವನ್ನಿಟ್ಟುಕೊಂಡು ಸಮುದ್ರದಿಂದ ಬಹುದೂರದಲ್ಲಿರುವ ಊರುಗಳು ನಮ್ಮ ನಾಡಿನಲ್ಲಿ ಹಲವು ಉಂಟು. ಕೆರೆಯನ್ನು ಕಟ್ಟಿಸಿದವನಿಗೂ ಅದರ ನೀರನ್ನು ಉಂಡವರಿಗೂ ಅದು ಬರಿಯ ಕೆರೆಯಾಗಿ ಕಂಡರೆ ಸಾಲದು. ಸಾಗರವಾಗಿ, ಸಮುದ್ರವಾಗಿ, ಅಂಬುಧಿಯಾಗಿ ಕಾಣಬೇಕು. ಕಂಪ್ಲಿಯ ಕಡೆಯ ಬುಕ್ಕಸಾಗರ, ಚಾಮರಾಜನಗರಕ್ಕೆ ಅಂಟಿಕೊಂಡ ರಾಮಸಮುದ್ರ, ಇವೆಲ್ಲ ಆ ಉದಾರಬುದ್ಧಿಯಿಂದ ಹುಟ್ಟಿದ ಹೆಸರುಗಳು. ಹಿಂದೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮೊದಲು ತರೀಕೆರೆಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರದ ಸೀಮೆಯಲ್ಲಿರುವ ಬುಕ್ಕಾಂಬುಧಿಯೂ ಇದೇ ಪಂಕ್ತಿಗೆ ಸೇರಿದ್ದು. ಅಲ್ಲಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಉಪಾಧ್ಯಾಯ ವೃತ್ತಿಯವನಾದ ನಾನು ಡಿಸೆಂಬರಿನ ರಜೆ ಬಂದೊಡನೆ ಒಂದು ಕ್ಯಾಮೆರವನ್ನು ಹೆಗಲಿಗೆ ಹಾಕಿಕೊಂಡು ಆ ಊರಿಗೆ ಹೋಗುವುದನ್ನು ಬಹು ವರ್ಷಗಳಿಂದ ರೂಢಿಮಾಡಿಕೊಂಡಿದ್ದೇನೆ. ಈ ಮಾತುಗಳು ಆ ಊರಿನ ಚಳಿಗಾಲದ ಮೋಡವನ್ನೂ ನನ್ನ ಕ್ಯಾಮೆರವನ್ನೂ ಕುರಿತವು.

ಗೆರೆ ಎಳೆದಂತೆ ಅಳೆದರೆ ಪಡುವಣ ಕಡಲು ಈ ಸೀಮೆಗೆ ಸುಮಾರು 140 ಕಿಲೋಮೀಟರು ದೂರ. ನಡುವೆ ಘಟ್ಟದ ಸಾಲು. ಮೂಡಣ ಕಡಲು ಅದರ ಮೂರರಷ್ಟು ಆಚೆ. ಚಳಿಗಾಲದಲ್ಲಿ ಇಲ್ಲಿಗೆ ಮೋಡವನ್ನು ಕಳುಹಿಸುವುದು ಮಾತ್ರ ಹತ್ತಿರದ ಕಡಲಲ್ಲ, ದೂರದ ಕಡಲು. ನಮ್ಮ ಕರಾವಳಿಯವರಿಗೆ ಬೂದಿಬಣ್ಣದ ಕಾಲವೆಂದರೆ ಆಷಾಢ. ಮಾರ್ಗಶಿರದಲ್ಲಿ ಅವರ ಆಕಾಶ ಸಾಮಾನ್ಯವಾಗಿ ತೊಳೆದಿಟ್ಟ ತಟ್ಟೆಯಂತಿರುತ್ತದೆ. ಬಂಗಾಳ ಕೊಲ್ಲಿಯ ಕಥೆ ಬೇರೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ವಾಯುಭಾರ ಕುಸಿದಾಗಲೆಲ್ಲ ಚೋಳಮಂಡಲದ ದಡದಲ್ಲಿ ಮಳೆಯಾಗುತ್ತದೆ. ಅದರ ಸೆರಗು ಮೈಸೂರು ಪ್ರಸ್ಥಭೂಮಿಯ ಮೇಲೆಯೂ ಹಾಯುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಮುಟ್ಟಿದ ಫೆಂಗಲ್ ಎಂಬ ಬಿರುಗಾಳಿಯ ನೆನಪು ಕೇಳುವವರಲ್ಲಿ ಹಲವರಿಗೆ ಇನ್ನೂ ಇರಬೇಕು. ಅದು ಬಲಗುಂದಿದ ಮೇಲೂ ಕರ್ನಾಟಕದ ಒಳನಾಡಿನ ಮೇಲೆ ದಿನಗಟ್ಟಲೆ ಮೋಡ ಕವಿದಿತ್ತು. ಅಂಥ ದಿನಗಳಲ್ಲಿ ಬುಕ್ಕಾಂಬುಧಿಗೆ ಅದರ ಹೆಸರು ತಕ್ಕದ್ದಾಗಿ ಕಾಣುತ್ತದೆ. ಕೆರೆಯ ಏರಿಯ ಮೇಲೆ ನಿಂತರೆ ನೀರು ಎಲ್ಲಿ ಮುಗಿಯಿತು, ಬಾನು ಎಲ್ಲಿ ಮೊದಲಾಯಿತು ಎಂಬುದು ತಿಳಿಯುವುದಿಲ್ಲ. ಬೆಟ್ಟಕ್ಕೆ ಹೊದಿಕೆ. ಹೊಲದಲ್ಲಿ ಕಡಲೆಯ ಗಿಡಗಳ ಮೇಲೆ ಇಬ್ಬನಿ ಹತ್ತು ಗಂಟೆಯಾದರೂ ಆರುವುದಿಲ್ಲ. ಕಣದಲ್ಲಿ ರಾಗಿ ಬಡಿಯಬೇಕಾದವರು ಮೆದೆಯನ್ನು ಮುಚ್ಚಿ, ಕಂಬಳಿ ಹೊದ್ದು, ಆಕಾಶವನ್ನು ಶಪಿಸುತ್ತ ಕುಳಿತಿರುತ್ತಾರೆ.

ಕ್ಯಾಮೆರ ಹಿಡಿದವನೂ ಶಪಿಸುತ್ತಾನೆ. ನಾನು ಬಹುಕಾಲ ಹಾಗೆ ಶಪಿಸಿದವರಲ್ಲಿ ಒಬ್ಬ.

ಹವ್ಯಾಸಿ ಎಂಬ ಮಾತಿಗೆ ನಮ್ಮಲ್ಲಿ ಸ್ವಲ್ಪ ಅಗ್ಗದ ಅರ್ಥ ಬಂದುಬಿಟ್ಟಿದೆ. ಕೆಲಸ ಬಾರದವನೆಂಬ ಧ್ವನಿ ಅದರಲ್ಲಿ ಸೇರಿದೆ. ಆದರೆ ಮೈಸೂರಿನಲ್ಲಿ ರೇಡಿಯೋ ಮೊದಲಾದದ್ದೂ ಒಬ್ಬರ ಹವ್ಯಾಸದಿಂದಲೇ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರೇಷಕಯಂತ್ರವನ್ನಿಟ್ಟುಕೊಂಡು ನಡೆಸಿದ ಪ್ರಯೋಗವೇ ಮುಂದೆ ಆಕಾಶವಾಣಿಯಾಯಿತು. ಆ ಮನೆಯ ಯಂತ್ರಕ್ಕೂ ನನ್ನಂಥವನ ಡಬ್ಬಿ ಕ್ಯಾಮೆರಕ್ಕೂ ಹೋಲಿಕೆಯನ್ನು ಹೆಚ್ಚು ಎಳೆಯುವುದಿಲ್ಲ. ಸಂಬಳಕ್ಕಾಗಿ ಅಲ್ಲದೆ ಕುತೂಹಲಕ್ಕಾಗಿ ಕೆಲಸಮಾಡುವವನಿಗೆ ಒಂದು ಅನುಕೂಲವುಂಟು, ಅವನು ಹವಾಮಾನಕ್ಕಾಗಿ ಕಾಯಬಹುದು, ಎಂಬಷ್ಟನ್ನೇ ಹೇಳುತ್ತೇನೆ. ಆ ಅನುಕೂಲವೇ ನನ್ನನ್ನು ಕೆಡಿಸಿತು. ಬಿಸಿಲು ಬರಲಿ ಎಂದು ನಾನು ಕಾದೆ. ಎಷ್ಟೋ ರಜೆಗಳು ಬರಿಯ ಕಾಯುವುದರಲ್ಲಿಯೇ ಕಳೆದುವು.

ಕಾಯುವುದಕ್ಕೆ ಕಾರಣ ಇರಲಿಲ್ಲವೆಂದಲ್ಲ. ನನ್ನ ಮೊದಲ ಕ್ಯಾಮೆರ ಅಗ್ಫಾ ಕ್ಲಿಕ್ 3. ಒಂದು ಕಾಲದಲ್ಲಿ ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ, ಮದುವೆಯ ಸೀರೆಗಳ ನಡುವೆ, ಈ ಯಂತ್ರ ಇದ್ದೇ ಇರುತ್ತಿತ್ತು. 120ರ ಅಳತೆಯ ಫಿಲ್ಮು. ಒಂದು ಸುರುಳಿಗೆ ಚೌಕನೆಯ 12 ಚಿತ್ರ. ಬೆಳಕನ್ನು ಅಳೆಯುವ ಉಪಾಯವೆಲ್ಲ ಒಂದು ಸನ್ನೆಯಲ್ಲಿ ಮುಗಿಯುತ್ತಿತ್ತು: ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಇನ್ನೊಂದು. ಮೋಡದ ಗುರುತಿಗೆ ತಿರುಗಿಸಿದರೂ ಕಿಂಡಿ ಹೆಚ್ಚು ಅಗಲವಾಗುತ್ತಿರಲಿಲ್ಲ. ಲೆಕ್ಕವನ್ನು ಕೇಳಿದರೆ ಆಶ್ಚರ್ಯವಾಗಬಹುದು. ನಮ್ಮ ಕಣ್ಣಿಗೆ ಮೋಡದ ಹಗಲು ಬಿಸಿಲಿನ ಹಗಲಿಗಿಂತ ಸ್ವಲ್ಪ ಮಂಕು, ಅಷ್ಟೆ. ಕಣ್ಣಿನ ಪಾಪೆ ನಮಗೆ ಹೇಳದೆಯೇ ಹಿಗ್ಗಿ ಕುಗ್ಗಿ ಈ ಮೋಸವನ್ನು ಮಾಡುತ್ತದೆ. ಫಿಲ್ಮಿನ ಮೇಲೆ ಹಾಗಲ್ಲ. ದಟ್ಟವಾಗಿ ಮೋಡ ಕವಿದ ಹಗಲಿನಲ್ಲಿ, ನಡುಹಗಲ ಬಿಸಿಲಿಗೆ ಬೇಕಾದುದರ ಎಂಟು ಪಟ್ಟು ಬೆಳಕನ್ನು ಒಳಗೆ ಬಿಡಬೇಕಾಗುತ್ತದೆ. ಅದನ್ನು ತಿಳಿಯದ ನಾನು ಮೊದಲ ವರ್ಷ ತೆಗೆದ ಸುರುಳಿಯನ್ನು ಪೇಟೆಯ ಒಂದು ಸ್ಟುಡಿಯೋದಲ್ಲಿ ತೊಳೆಸಿದಾಗ, ಅಂಗಡಿಯವರು ಗಾಜಿನಂತೆ ತಿಳಿಯಾದ ನೆಗೆಟಿವನ್ನು ಕೈಗೆ ಕೊಟ್ಟು, ಇದರಲ್ಲಿ ಏನನ್ನು ತೆಗೆದಿದ್ದಿರಿ ಎಂದು ಮರ್ಯಾದೆಯಿಂದಲೇ ಕೇಳಿದರು.

ಈ ಕಷ್ಟ ನನ್ನೊಬ್ಬನದಲ್ಲ. ನಮ್ಮ ನಾಡಿನ ಛಾಯಾಗ್ರಹಣದಷ್ಟೇ ಹಳೆಯದು. 1854ರಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ, ಇಂಗ್ಲೆಂಡಿನಲ್ಲಿ ರಜೆಯಲ್ಲಿದ್ದಾಗ ಕಲಿತ ಈ ಹೊಸ ವಿದ್ಯೆಯೊಡನೆ ಬೆಂಗಳೂರಿಗೆ ಬಂದ. ಆಗ ಅವನು ಸರ್ಕಾರದ ಛಾಯಾಗ್ರಾಹಕನಲ್ಲ, ನಮ್ಮಂತೆಯೇ ಹವ್ಯಾಸಿ. ಆ ವರ್ಷದ ಡಿಸೆಂಬರಿನಲ್ಲಿ, ಅಂದರೆ ನಾನು ಹೇಳುತ್ತಿರುವ ಇದೇ ಋತುವಿನಲ್ಲಿ, ಅವನು ಬೇಲೂರು ಹಳೇಬೀಡುಗಳ ಕಡೆಗೆ ಹೊರಟು, ಮೇಣ ಸವರಿದ ಕಾಗದದ ಮೇಲೆ ದೇವಾಲಯಗಳ ಚಿತ್ರವನ್ನು ತೆಗೆದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವುಗಳಿಗೆ ಪದಕವೂ ಬಂತು. ಆ ಕಾಲದ ಕಾಗದಕ್ಕೆ ನೀಲಿಯೊಂದೇ ಬೆಳಕು. ಕೆಂಪು ಹಳದಿಗಳು ಅದರ ಪಾಲಿಗೆ ಕತ್ತಲೆ. ಆದ್ದರಿಂದ ಚಿತ್ರದಲ್ಲಿ ನೀಲಾಕಾಶವೂ ಬಿಳಿಯ ಮೋಡವೂ ಒಂದೇ ಸಮನೆ ಬಿಳುಪಾಗಿ, ಆಕಾಶವೆಂಬುದು ಸುಣ್ಣ ಬಳಿದ ಗೋಡೆಯಾಗುತ್ತಿತ್ತು. ಟ್ರೈಪನಿಗೆ ಇದು ಸಹಿಸಲಿಲ್ಲ. ಅವನು ಕುಂಚ ಹಿಡಿದು ಕೆಲವು ನೆಗೆಟಿವುಗಳ ಮೇಲೆ ಮೋಡಗಳನ್ನು ತಾನೇ ಬರೆದ! ಮೋಡವಿದ್ದಾಗ ಬಿಸಿಲಿಲ್ಲವೆಂದು ಗೊಣಗುವ ನಾನು ಈ ಸಂಗತಿಯನ್ನು ಮೊದಲು ತಿಳಿದಾಗ ನಕ್ಕುಬಿಟ್ಟೆ. ಒಬ್ಬನಿಗೆ ಇದ್ದ ಮೋಡ ಬೇಡ. ಇನ್ನೊಬ್ಬನಿಗೆ ಕಾಣದ ಮೋಡ ಬೇಕು.

ಮೋಡದ ಬೆಳಕಿನ ಗುಣ ನನಗೆ ಗೊತ್ತಾದದ್ದು ಅಮೃತಾಪುರದಲ್ಲಿ. ಬುಕ್ಕಾಂಬುಧಿಗೆ ಹೋಗುವಾಗಲೋ ಬರುವಾಗಲೋ ತರೀಕೆರೆಯಲ್ಲಿ ಇಳಿದು, ಅಲ್ಲಿಂದ ಸುಮಾರು 10 ಕಿಲೋಮೀಟರು ದೂರದ ಈ ಗ್ರಾಮವನ್ನು ನೋಡಿಬರುವುದು ನನ್ನ ಪದ್ಧತಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ಅದು; ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಸಭಾಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಚಿತ್ರಫಲಕಗಳು. ಉತ್ತರಕ್ಕೆ ಕೃಷ್ಣನ ಕಥೆಯವು 25, ಭಾರತದವು 45. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ರಾಮನ ಕಡೆಗೆ ಬಿಸಿಲು, ಕೃಷ್ಣನ ಕಡೆಗೆ ದಿನವೆಲ್ಲ ನೆರಳು. ಬಿಸಿಲು ಬಿದ್ದ ಕಡೆಯಲ್ಲಿಯೂ ಸುಖವಿಲ್ಲ. ಸೂರಿನ ನೆರಳು ಗೋಡೆಯ ಮೇಲೆ ಇಳಿಬಿದ್ದು, ಅರ್ಧ ವಾನರಸೇನೆಯನ್ನು ಕಪ್ಪಾಗಿ ನುಂಗಿ, ಉಳಿದರ್ಧದ ಮುಖಗಳನ್ನು ಬೆಳ್ಳಗೆ ಬೇಯಿಸಿಬಿಡುತ್ತದೆ. ಮೂರು ಸಲ ಹೋಗಿ ಮೂರು ಸಲವೂ ಇದೇ ಫಲ. ನಾಲ್ಕನೆಯ ಸಲ ಜಡಿಮಳೆ ಹಿಡಿದಿತ್ತು. ಬಂದದ್ದಾಯಿತಲ್ಲ ಎಂದು ಕೊಡೆ ಹಿಡಿದು ಪ್ರದಕ್ಷಿಣೆ ಹೊರಟೆ. ಆಗ ನೋಡಿದರೆ, ಬೆಳಕು ಯಾವ ಒಂದು ದಿಕ್ಕಿನಿಂದಲೂ ಬರುತ್ತಿಲ್ಲ. ಇಡೀ ಆಕಾಶವೇ ಒಂದು ದೀಪವಾಗಿ ಗೋಡೆಯ ಎರಡು ಕಡೆಗೂ ಪಕ್ಷಪಾತವಿಲ್ಲದೆ ಬೆಳಕನ್ನು ಸುರಿಯುತ್ತಿದೆ. ಒದ್ದೆಯಾದ ಬಳಪದ ಕಲ್ಲು ಬೂದಿಯಿಂದ ಕಡುನೀಲಿಗೆ ತಿರುಗಿದೆ. ಒಂದು ರಥದ ಗಾಲಿಯ ಕೀಲು, ಕುದುರೆಯ ಹಲ್ಲು, ಬಿಲ್ಲನ್ನೆಳೆದವನ ಬೆರಳಿನ ಗೆಣ್ಣು, ಇವುಗಳನ್ನು ನಾನು ಮೊದಲ ಬಾರಿ ನೋಡಿದೆ. ಶಿಲ್ಪಿ ಬೆಟ್ಟದಷ್ಟು ಬಿಸಿಲಿನಲ್ಲಿ ಕುಳಿತು ಕೆತ್ತಿದವನಲ್ಲ, ಚಪ್ಪರದ ಕೆಳಗೆ ಕುಳಿತು ಕೆತ್ತಿದವನಿರಬೇಕು ಎಂದು ನನಗೆ ಆಗ ತೋರಿತು. ಇದು ಊಹೆ, ವಿದ್ವಾಂಸರು ಕ್ಷಮಿಸಬೇಕು.

ಅಜ್ಜಂಪುರದ ಅಮೃತಮಹಲ್ ದನಗಳ ವಿಷಯದಲ್ಲಿಯೂ ಹೀಗೆಯೇ. ಮೈಸೂರರಸರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಈ ಹೆಸರನ್ನು ಪಡೆದ ತಳಿಯ ಸಂವರ್ಧನ ಕೇಂದ್ರ ಅಲ್ಲಿರುವುದು ಹಲವರಿಗೆ ತಿಳಿದಿದೆ. ಬೂದಿಬಣ್ಣದ ಮೈ, ಹಿಂದಕ್ಕೆ ಬಾಗಿ ಮೊನೆಯಾದ ಕೊಂಬು. ಬಿಸಿಲಿನ ಚಿತ್ರದಲ್ಲಿ ಈ ದನ ಒಂದು ಬಿಳಿಯ ಕಲೆ. ಮೋಡದ ಚಿತ್ರದಲ್ಲಿ ಅದಕ್ಕೆ ಭುಜ, ಪಕ್ಕೆ, ಕೊರಳಿನ ಮಡಿಕೆ ಎಲ್ಲವೂ ಬರುತ್ತವೆ. ಬೂದಿಯನ್ನು ನೋಡಲು ಬೂದಿಯ ಬೆಳಕೇ ಬೇಕೆಂದು ಕಾಣುತ್ತದೆ.

ನಮ್ಮ ನಾಡಿನಲ್ಲಿ ಈ ಹವ್ಯಾಸ ಒಂದು ಶಿಸ್ತಿಗೆ ಬಂದದ್ದು ಸಂಘಗಳಿಂದ. ಬೆಂಗಳೂರಿನ ಮೈಸೂರು ಫೋಟೋಗ್ರಾಫಿಕ್ ಸೊಸೈಟಿಯವರು ಎಷ್ಟೋ ಜನಕ್ಕೆ ಕೈಹಿಡಿದು ಕಲಿಸಿದರು. ಅಖಿಲ ಭಾರತದ ಛಾಯಾಗ್ರಾಹಕರ ಒಕ್ಕೂಟವೊಂದು 1953ರಲ್ಲಿ ಹುಟ್ಟಿದ್ದರಲ್ಲಿಯೂ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ಶ್ರಮ ದೊಡ್ಡದು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರ ಹಿಡಿದು ಕಳೆದ ದಿನಗಳ ಫಲವನ್ನು ಕನ್ನಡ ಓದುಗರೆಲ್ಲ ಬಲ್ಲರು. ಇವರೆಲ್ಲರ ಮೇಲೂ ನನಗೆ ಗೌರವವುಂಟು. ಆದರೂ ಪ್ರದರ್ಶನಗಳಲ್ಲಿ ಬಹುಮಾನ ಪಡೆಯುವ ಒಂದು ಬಗೆಯ ಚಿತ್ರದ ಬಗ್ಗೆ ನನ್ನ ತಕರಾರು ಇದೆ. ಮರಗಳ ನಡುವೆ ಇಳಿದ ಬಿಸಿಲ ಕೋಲು, ಧೂಳೆಬ್ಬಿಸಿ ನಡೆಯುವ ಕುರಿಮಂದೆ, ಕಂಬಳಿ ಹೊದ್ದ ಕುರುಬ. ಕೆಳಗೆ 'ಮನೆಯ ಕಡೆಗೆ' ಎಂದೋ 'ಮುಂಜಾವು' ಎಂದೋ ಒಂದು ಹೆಸರು. ಯಾರ ಮನೆ, ಯಾವ ಊರಿನ ಮುಂಜಾವು, ಯಾವ ವರ್ಷ ಎಂಬುದನ್ನು ಹೇಳುವವರಿಲ್ಲ. ನೋಡುವುದಕ್ಕೆ ಬಹಳ ಚೆನ್ನಾಗಿರುತ್ತದೆ. ನಾನೂ ಅಂಥ ಕೆಲವನ್ನು ತೆಗೆದಿದ್ದೇನೆ. ಒಂದನ್ನು ಗೋಡೆಗೂ ತಗುಲಿಹಾಕಿದ್ದೇನೆ. ಈ ತಕರಾರು ನನ್ನಲ್ಲಿ ಹುಟ್ಟಿದ್ದು ಬುಕ್ಕಾಂಬುಧಿಯಲ್ಲಿ, ಅದೂ ನನ್ನ ಜಾಣತನದಿಂದ ಅಲ್ಲ.

ಆ ಕ್ಲಿಕ್ 3ರ ದಿನಗಳಲ್ಲಿ ಒಂದು ರಜೆಯೆಲ್ಲ ಮೋಡದಲ್ಲಿ ಕಳೆದುಹೋಯಿತು. ಊರಿಗೆ ಹೊರಡುವ ಹಿಂದಿನ ದಿನ ಸುರುಳಿಯಲ್ಲಿ ಇನ್ನೂ ಐದು ಚಿತ್ರ ಉಳಿದಿದ್ದುವು. ಫಿಲ್ಮಿಗೆ ಕೊಟ್ಟ ಹಣ ವ್ಯರ್ಥವಾಗಬಾರದೆಂದು ಕೆರೆಯ ಏರಿಗೆ ಹೋಗಿ, ಯಂತ್ರವನ್ನು ಮೋಡದ ಗುರುತಿಗೆ ತಿರುಗಿಸಿ, ಐದನ್ನೂ ಅಲ್ಲಿಯೇ ಮುಗಿಸಿದೆ. ನೀರು, ಆಚೆಯ ದಡದ ಒಂದು ದೊಡ್ಡ ಬಂಡೆ, ಈಚೆಗೆ ಒಂದು ಆಲದ ಮರ. ಚಿತ್ರಗಳು ಮಂಕಾಗಿ ಬಂದುವು. ಯಾರಿಗೂ ತೋರಿಸಲಿಲ್ಲ, ಹಿಂದೆ ತಾರೀಖನ್ನು ಸಹ ಬರೆಯದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ.

ಕೆಲವು ವರ್ಷಗಳ ಹಿಂದೆ ಆ ಡಬ್ಬಿಯನ್ನು ಅಕ್ಕನ ಮನೆಗೆ ತೆಗೆದುಕೊಂಡು ಹೋಗಿದ್ದೆ. ಹಳೆಯ ಚಿತ್ರಗಳನ್ನು ನೋಡಬೇಕೆಂದು ಅವಳ ಮಕ್ಕಳು ಕೇಳಿದ್ದರು. ಆ ದಿನಗಳಲ್ಲಿ ಊರಿನಲ್ಲಿ ಒಂದು ಮಾತು ನಡೆಯುತ್ತಿತ್ತು. ಕೆರೆಯಂಗಳದ ಗಡಿಯನ್ನು ಅಳೆಯುವುದಕ್ಕೆ ಅಧಿಕಾರಿಗಳು ಬರುತ್ತಾರೆಂದೂ, ನೀರು ನಿಲ್ಲುವ ನೆಲದಲ್ಲಿ ಉಳುಮೆ ಮಾಡಿರುವವರು ಬಿಡಬೇಕಾದೀತೆಂದೂ ಸುದ್ದಿ. ಬಂಡೆಯ ಈಚೆಗೆ ನನ್ನ ಭಾವನವರದು ಒಂದು ತುಂಡು ಹೊಲವಿತ್ತು. ತಮಗೆ ತಿಳಿದಂತೆ ನೀರು ಆ ಬಂಡೆಯನ್ನು ಎಂದೂ ಮುಟ್ಟಿಲ್ಲವೆಂದು ಅವರು ಹೇಳುತ್ತಿದ್ದರು. ಅವರು ಸುಳ್ಳಾಡುವವರಲ್ಲ. ಹೂಳು ತುಂಬಿ, ಮಳೆ ತಪ್ಪಿ, ನೀರು ಹಿಂದೆ ಸರಿದು ಬಹಳ ವರ್ಷಗಳಾಗಿದ್ದುವು. ಚಿಕ್ಕಂದಿನಲ್ಲಿ ಅವರು ಹೊರಗೆ ಓದಿಗೆ ಇದ್ದವರು.

ಜಗಲಿಯ ಮೇಲೆ ಚಿತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದಾಗ ಪಕ್ಕದ ಮನೆಯ ಯಜಮಾನರು ಒಂದನ್ನು ಹಿಡಿದು ನಿಲ್ಲಿಸಿದರು. ಕನ್ನಡಕವನ್ನು ಸರಿಪಡಿಸಿಕೊಂಡು, "ಮೇಷ್ಟ್ರೆ, ಇದು ಯಾವ ವರ್ಷದ ನೀರು?" ಎಂದು ಕೇಳಿದರು. ಚಿತ್ರ ಯಾವ ವರ್ಷದ್ದೆಂದು ಅವರು ಕೇಳಲಿಲ್ಲ, ನೀರು ಯಾವ ವರ್ಷದ್ದೆಂದು ಕೇಳಿದರು. ನೋಡಿದರೆ ನೀರು ಬಂಡೆಯ ಬುಡವನ್ನು ದಾಟಿ ಅದರ ಸೊಂಟದವರೆಗೆ ನಿಂತಿದೆ. ನಾನು ತಡವರಿಸಿದೆ. ಆ ರಜೆಯೋ, ಅದರ ಹಿಂದಿನದೋ, ಮುಂದಿನದೋ? ಹಿಂದೆ ತಿರುಗಿಸಿದರೆ ಬರಿಯ ಬಿಳಿಯ ಕಾಗದ. "ವರ್ಷ ಗೊತ್ತಿಲ್ಲದಿದ್ದರೆ ಎಲ್ಲಿಯ ಕೆರೆಯಾದರೂ ಆದೀತು," ಎಂದು ಯಾರೋ ಅಂದರು. ಭಾವನವರು ಏನೂ ಅನ್ನಲಿಲ್ಲ.

ಅಕ್ಕ ಒಳಗಿನಿಂದ ಕಾಫಿಯನ್ನು ತಂದವಳು ತಟ್ಟೆಯನ್ನು ಕೆಳಗಿಟ್ಟು ಆ ಚಿತ್ರವನ್ನು ಕೈಗೆ ತೆಗೆದುಕೊಂಡಳು. ನೀರನ್ನು ಅವಳು ನೋಡಲೇ ಇಲ್ಲ. ಆಲದ ಮರದ ಬುಡದ ಮೇಲೆ ಬೆರಳಿಟ್ಟು, "ಇಲ್ಲಿ ಕುಳಿತಿರುವವರು ಮಾವನವರಲ್ಲವೆ, ತಮ್ಮ? ಕಾಲಿಗೆ ಪಟ್ಟಿ ಕಟ್ಟಿದೆ ನೋಡು," ಎಂದಳು. ನಾನು ಅಷ್ಟು ವರ್ಷ ಆ ಚಿತ್ರವನ್ನು ಇಟ್ಟುಕೊಂಡವನು ಮರದ ಕೆಳಗೆ ಒಬ್ಬರು ಕುಳಿತಿರುವುದನ್ನು ಗಮನಿಸಿರಲಿಲ್ಲ. ಬಿಸಿಲಿನ ದಿನವಾಗಿದ್ದರೆ ಆಲದ ಬುಡ ಮಸಿಯ ಮುದ್ದೆಯಾಗಿರುತ್ತಿತ್ತು; ಅಲ್ಲಿ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಮೋಡದ ಬೆಳಕು ಕೊಂಬೆಗಳ ಕೆಳಗೂ ನುಗ್ಗಿ, ಮುದುಕರ ರುಮಾಲು, ಊರುಗೋಲು, ಚಾಚಿದ ಬಲಗಾಲಿನ ಬಿಳಿಯ ಪಟ್ಟಿ, ಇಷ್ಟನ್ನೂ ತೋರಿಸಿಬಿಟ್ಟಿತ್ತು.

ಅಕ್ಕನ ಮಾವನವರು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ಜೀವನದಲ್ಲಿ ಒಂದೇ ಸಲ. ಅದು ಅವಳ ಹಿರಿಯ ಮಗ ಹುಟ್ಟಿದ ಚಳಿಗಾಲ. ಬಾಣಂತಿಯಾದ ಅವಳೂ ಮಲಗಿದ್ದಳು, ಮಾವನವರೂ ಮಲಗಿದ್ದರು, ಅತ್ತೆಯವರೊಬ್ಬರೇ ಇಬ್ಬರನ್ನೂ ನೋಡಿಕೊಂಡರು. ಇದನ್ನೆಲ್ಲ ಅವಳು ನಗುನಗುತ್ತ ಹೇಳಿ, ವರ್ಷವನ್ನೂ ತಿಂಗಳನ್ನೂ ಹೇಳಿ, ಹೇಳಿಯಾದ ಮೇಲೆ ಜಗಲಿಯಲ್ಲಿ ಮಾತು ನಿಂತುಹೋದದ್ದನ್ನು ಕಂಡು ಗಂಡನ ಮುಖವನ್ನು ನೋಡಿದಳು. ಆ ವರ್ಷವನ್ನು ನಾನು ಇಲ್ಲಿ ಹೇಳುವುದಿಲ್ಲ. ಗಡಿಯ ವಿಚಾರ ಇನ್ನೂ ಪೂರ್ತಿಯಾಗಿ ಮುಗಿದಿಲ್ಲ.

ಭಾವನವರು ಆ ಚಿತ್ರವನ್ನು ಹಿಡಿದುಕೊಂಡು ಎದ್ದು ಬಾಗಿಲಿನ ಬೆಳಕಿಗೆ ಹೋದರು. ಅವರ ತಂದೆಯವರದು ಮನೆಯಲ್ಲಿ ಇದ್ದದ್ದು ಒಂದೇ ಭಾವಚಿತ್ರ. ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂರಿಸಿ ತೆಗೆದದ್ದು, ಯಾರದೋ ಕೋಟು ತೊಡಿಸಿದ್ದು. ಆ ಮರದ ಬುಡದಲ್ಲಿ ಅವರು ತಮ್ಮ ಬಟ್ಟೆಯಲ್ಲಿ, ತಮ್ಮ ಕೆರೆಯ ಮುಂದೆ, ತಮ್ಮ ಪಾಡಿಗೆ ಕುಳಿತಿದ್ದರು. ಮುಖ ಕಡಲೆಕಾಳಿಗಿಂತ ದೊಡ್ಡದಲ್ಲ. ಭಾವನವರು ಬಹಳ ಹೊತ್ತು ನಿಂತು ನೋಡಿ, ಹಿಂದಕ್ಕೆ ಬಂದು, ನನ್ನ ಜೇಬಿನಲ್ಲಿದ್ದ ಪೆನ್ಸಿಲನ್ನು ತಾವೇ ತೆಗೆದುಕೊಂಡು ಅಕ್ಕ ಹೇಳಿದ ತಿಂಗಳನ್ನೂ ವರ್ಷವನ್ನೂ ಚಿತ್ರದ ಬೆನ್ನಿಗೆ ಬರೆದರು.

"ಇದರದು ಎರಡು ಪ್ರತಿ ಬೇಕು ಮೇಷ್ಟ್ರೆ," ಎಂದರು. "ಒಂದನ್ನು ದೊಡ್ಡದಾಗಿ ಮಾಡಿಸಿ, ಮನೆಗೆ. ಇನ್ನೊಂದು ಸಣ್ಣದಾದರೂ ಸರಿ. ಪಂಚಾಯಿತಿಯವರು ಕೇಳುತ್ತಾರೆ."

ನಾನು ಮನೆಗೆ ಬಂದು ಡಬ್ಬಿಯ ತಳದಿಂದ ನೆಗೆಟಿವನ್ನು ಹುಡುಕಿ ತೆಗೆದೆ. ಅದರ ಎಡದ ಅಂಚಿಗೆ ಬೂಷ್ಟು ಹಿಡಿದಿತ್ತು. ಬಂಡೆಯವರೆಗೂ ಮರದವರೆಗೂ ಬಂದಿರಲಿಲ್ಲ.